ದೂರದ ವಸಾಹತಿನಲ್ಲಿ ಮೊದಲ ಕೋರ್ಟು: ಯಾವ ಕಾಗದ ಮೊದಲು?

ಶಿರಾಗೇಟ್ (ಪ್ರಶ್ನೆ)

ತುಮಕೂರಿನಲ್ಲಿ ಎಲ್‌ಎಲ್‌ಬಿ ಓದುತ್ತಿದ್ದೇನೆ. ಸೆಮಿನಾರಿಗೆ ಬಂದಿರುವ ವಿಷಯ: ಹಡಗಿನಲ್ಲಿ ತಿಂಗಳುಗಟ್ಟಲೆ ದಾರಿ ಇರುವ ಜಾಗಗಳಲ್ಲಿ ಬ್ರಿಟಿಷರು ಕೋರ್ಟು, ಕಚೇರಿ ಹೇಗೆ ಶುರು ಮಾಡಿದರು ಅನ್ನುವುದು. ಪಠ್ಯದಲ್ಲಿ ‘ಗವರ್ನರ್ ನೇಮಕವಾಯಿತು, ನ್ಯಾಯಾಲಯ ಸ್ಥಾಪನೆಯಾಯಿತು’ ಅಂತ ಒಂದೇ ಸಾಲು ಇದೆ. ನನಗೆ ಬೇಕಿರುವುದು ಕ್ರಮ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಡವಿದರು? ಇನ್ನೊಂದು, 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ವಹಿಸಿಕೊಂಡ ನಂತರ ನಮ್ಮ ತುಮಕೂರು, ಕೋಲಾರದ ಕಡೆ ಆದದ್ದನ್ನೂ ಇದೇ ಗುಂಪಿಗೆ ಸೇರಿಸಬಹುದೇ?

ದೇವರಾಯನದುರ್ಗ

ಕಾಗದಕ್ಕೂ ಮೊದಲು ಒಂದು ಪ್ರಶ್ನೆ ತೀರ್ಮಾನವಾಗಬೇಕು. ಆ ನೆಲ ಗೆದ್ದದ್ದೋ, ಒಪ್ಪಂದದಲ್ಲಿ ಬಂದದ್ದೋ, ಖಾಲಿ ಅಂತ ಹೇಳಿ ಜನರನ್ನು ತಂದು ನೆಲೆಗೊಳಿಸಿದ್ದೋ? ಗೆದ್ದ ನೆಲದಲ್ಲಿ ರಾಜ ಬದಲಾಯಿಸುವ ತನಕ ಅಲ್ಲಿನ ಹಳೇ ಕಾನೂನೇ ನಡೆಯುತ್ತದೆ. 1774ರ ಕ್ಯಾಂಪ್‌ಬೆಲ್–ಹಾಲ್ ಮೊಕದ್ದಮೆ ನೋಡಿ. ನೆಲೆಸಿದ ವಸಾಹತಾದರೆ ಇಂಗ್ಲೆಂಡಿನ ಕಾನೂನು ವಲಸೆಗಾರರ ಜೊತೆಗೇ ಬಂತು ಅಂತ ಲೆಕ್ಕ, ಅಲ್ಲಿಗೆ ಹೊಂದುವಷ್ಟು ಮಟ್ಟಿಗೆ. ಕೈದಿಗಳನ್ನು ಸಾಗಿಸಿ ಕಟ್ಟಿದ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸನ್ನು ಈ ಎರಡನೇ ಲೆಕ್ಕಕ್ಕೆ ಹಾಕಿದ್ದು ಅಲ್ಲಿನ ಮೂಲನಿವಾಸಿಗಳಿಗೆ ಆದ ಘೋರ ಅನ್ಯಾಯ. 1992ರ ಮಾಬೋ ತೀರ್ಪು ಬರುವವರೆಗೂ ಅವರ ನೆಲದ ಹಕ್ಕಿಗೆ ಮಾನ್ಯತೆ ಸಿಗಲಿಲ್ಲ. ಸೆಮಿನಾರಿನಲ್ಲಿ ಇದನ್ನು ಬಿಡಬೇಡಿ.

ಇನ್ನು ಕ್ರಮ. ನ್ಯೂ ಸೌತ್ ವೇಲ್ಸಿನಲ್ಲಿ ಜ್ಯೂರಿ (ಸಾಮಾನ್ಯ ಜನರ ಪಂಚರ ತಂಡ) ಇಲ್ಲದ ಕ್ರಿಮಿನಲ್ ಕೋರ್ಟು ಬೇಕಿತ್ತು. ಜ್ಯೂರಿ ಇಲ್ಲದೆ ವಿಚಾರಣೆ ಮಾಡುವುದಕ್ಕೆ ರಾಜನ ಅಪ್ಪಣೆಯೊಂದೇ ಸಾಲದು, ಹಾಗಾಗಿ ಮೊದಲು 1787ರಲ್ಲಿ ಸಂಸತ್ತಿನ ಕಾಯ್ದೆ ಆಯಿತು. ಅದರ ಬೆನ್ನಿಗೆ ಏಪ್ರಿಲ್ 2ರಂದು ಕೋರ್ಟುಗಳನ್ನು ಹುಟ್ಟುಹಾಕುವ ರಾಜಪತ್ರ (ರಾಜನ ಮೊಹರಿನ ಅಧಿಕಾರಪತ್ರ). ಗವರ್ನರ್ ಫಿಲಿಪ್‌ನ ನೇಮಕಪತ್ರ ಮತ್ತು ಸೂಚನೆಗಳು ಬೇರೆ. ಕಾಗದ ಜೇಬಿನಲ್ಲಿದ್ದರೆ ಅಧಿಕಾರ ಬಂದ ಹಾಗಲ್ಲ, ಜನರ ಮುಂದೆ ಓದಬೇಕು: 1788ರ ಫೆಬ್ರವರಿ 7ರಂದು ಸಿಡ್ನಿ ಕೊಲ್ಲಿಯ ದಡದಲ್ಲಿ ಓದಿದರು, 11ಕ್ಕೆ ಕ್ರಿಮಿನಲ್ ಕೋರ್ಟು ಕೂತಿತು. ಒಬ್ಬ ಜಡ್ಜ್ ಅಡ್ವೊಕೇಟ್, ಆರು ಜನ ಸೇನೆ-ನೌಕಾದಳದ ಅಧಿಕಾರಿಗಳು. ಗಲ್ಲಿಗೆ ಏಳರಲ್ಲಿ ಐವರು ಒಪ್ಪಬೇಕು, ಇಲ್ಲದಿದ್ದರೆ ಕಡತ ಲಂಡನ್ನಿಗೆ. ಸಿವಿಲ್ ಕೋರ್ಟಿಗೆ ಅದೇ ಜಡ್ಜ್ ಅಡ್ವೊಕೇಟ್ ಜೊತೆ ಇಬ್ಬರು. ಮೇಲ್ಮನವಿ ಗವರ್ನರಿಗೆ, 300 ಪೌಂಡು ಮೀರಿದ ದಾವೆಯಾದರೆ ಅಲ್ಲಿಂದಲೂ ಮೇಲೆ, ರಾಜನ ಕೌನ್ಸಿಲ್ಲಿಗೆ.

ಎಡವಟ್ಟು ಇದ್ದದ್ದು ಆ ಜಡ್ಜ್ ಅಡ್ವೊಕೇಟ್ ಹುದ್ದೆಯಲ್ಲೇ. ಆರೋಪಪಟ್ಟಿ ಬರೆಯುವವನೂ ಅವನೇ, ಪೀಠದಲ್ಲಿ ಕೂತು ತೀರ್ಪು ಕೊಡುವವನೂ ಅವನೇ. ಮೊದಲನೆಯವನಾದ ಡೇವಿಡ್ ಕಾಲಿನ್ಸ್ ನೌಕಾಸೈನ್ಯದ ಅಧಿಕಾರಿ, ಕಾನೂನು ಓದಿದವನಲ್ಲ. ಬ್ಯಾರಿಸ್ಟರ್ ಆದ ಎಲ್ಲಿಸ್ ಬೆಂಟ್ ಆ ಜಾಗಕ್ಕೆ ಬಂದದ್ದು 1810ರಲ್ಲಿ. ಹುದ್ದೆಯೇ ಹೋಗಿ ಸುಪ್ರೀಂ ಕೋರ್ಟು ತೆರೆದದ್ದು 1824ರಲ್ಲಿ.

ಒಂದು ಮೊಕದ್ದಮೆಯನ್ನು ಖಂಡಿತ ಓದಿ. 1788ರ ಜುಲೈಯಲ್ಲಿ ಹೆನ್ರಿ ಕೇಬಲ್ ಮತ್ತು ಅವನ ಹೆಂಡತಿ ಸುಸಾನಾ, ಇಬ್ಬರೂ ಕೈದಿಗಳು, ಹಡಗಿನಲ್ಲಿ ಕಳೆದುಹೋದ ತಮ್ಮ ಗಂಟಿಗಾಗಿ ಕ್ಯಾಪ್ಟನ್ ಸಿಂಕ್ಲೇರ್ ಮೇಲೆ ದಾವೆ ಹೂಡಿದರು. ಮರಣದಂಡನೆ ವಿಧಿಸಿದ ಅಪರಾಧಿಗೆ, ಆಮೇಲೆ ಶಿಕ್ಷೆ ತಗ್ಗಿಸಿದ್ದರೂ, ಇಂಗ್ಲೆಂಡಿನ ಕಾನೂನಿನಲ್ಲಿ ದಾವೆ ಹೂಡುವ ಹಕ್ಕೇ ಇರಲಿಲ್ಲ. ಅರ್ಜಿಯಲ್ಲಿ ಅವರನ್ನು ‘ಇಲ್ಲಿಗೆ ಹೊಸದಾಗಿ ನೆಲೆಸಿದವರು’ ಅಂತ ಬರೆದು ಹೊಡೆದುಹಾಕಿದ್ದಾರೆ, ಬದಲಿಗೆ ಏನನ್ನೂ ಬರೆದಿಲ್ಲ. ಕೈದಿ ಅಂತ ದಾಖಲಾಗಿದ್ದರೆ ದಾವೆ ಅಲ್ಲೇ ಬೀಳುತ್ತಿತ್ತು. 15 ಪೌಂಡು ಪರಿಹಾರ ಸಿಕ್ಕಿತು.

ಅಂತರಗಂಗೆ

ಮೇಲಿನದ್ದಕ್ಕೆ ಒಂದು ಸೇರಿಸಬೇಕು. ‘ಇಂಗ್ಲೆಂಡಿನ ಕಾನೂನು ಬಂತು’ ಅಂದರೆ ಯಾವ ದಿನದ ಕಾನೂನು? ಲಂಡನ್ನಿನಲ್ಲಿ ಪ್ರತಿವರ್ಷ ಹೊಸ ಕಾಯ್ದೆ ಹುಟ್ಟುತ್ತಿರುತ್ತದೆ. ದಿನಾಂಕ ಗೊತ್ತುಮಾಡದಿದ್ದರೆ ವಕೀಲರು ಪ್ರತಿ ಕೇಸಿನಲ್ಲೂ ಅದನ್ನೇ ಎಳೆದಾಡುತ್ತಾರೆ. ನ್ಯೂ ಸೌತ್ ವೇಲ್ಸಿಗೆ ದಿನಾಂಕ ನಿಗದಿಯಾಗಲು 40 ವರ್ಷ ಹಿಡಿಯಿತು: 1828ರ ಜುಲೈ 25. ಈಗಿನ ಕೆನಡಾದ ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯಾದಲ್ಲಿ ಆ ತಪ್ಪು ಮಾಡಲಿಲ್ಲ. 1858ರ ನವೆಂಬರ್ 19ರಂದು ಫೋರ್ಟ್ ಲ್ಯಾಂಗ್ಲಿಯಲ್ಲಿ ವಸಾಹತಿನ ಘೋಷಣೆ, ಅದೇ ದಿನಾಂಕ ಕಾನೂನಿಗೂ. ಅವತ್ತು ನ್ಯಾಯಾಧೀಶ ಬೆಗ್ಬಿ ಗವರ್ನರ್ ಡಗ್ಲಸ್‌ಗೆ ಪ್ರಮಾಣವಚನ ಬೋಧಿಸಿದ, ಡಗ್ಲಸ್ ಬೆಗ್ಬಿಯ ನೇಮಕಪತ್ರವನ್ನು ಕೊಟ್ಟ. ಇಬ್ಬರಲ್ಲಿ ಒಬ್ಬ ದಾರಿಯಲ್ಲಿ ನಿಂತುಬಿಟ್ಟಿದ್ದರೆ ಕೆಲಸ ನಿಲ್ಲುತ್ತಿತ್ತು.

ಫಾಕ್‌ಲ್ಯಾಂಡ್ ದ್ವೀಪಗಳದ್ದು ಉಲ್ಟಾ ಕಥೆ, ಆಡಳಿತಗಾರ ಮೊದಲು ಹೋದ, ಅಧಿಕಾರ ಆಮೇಲೆ ಬಂತು. ಲೆಫ್ಟಿನೆಂಟ್ ಮೂಡಿ 1842ರ ಜನವರಿಯಲ್ಲಿ ಅಲ್ಲಿಗೆ ತಲುಪಿದ. ನೆಲೆಸಿದ ವಸಾಹತಿನಲ್ಲಿ ಜನಪ್ರತಿನಿಧಿ ಸಭೆ ಇಲ್ಲದೆ ರಾಣಿ ತಾನಾಗಿ ಕಾನೂನು ಮಾಡುವ ಹಾಗಿರಲಿಲ್ಲ. ಅಲ್ಲಿ ಇದ್ದ ಬೆರಳೆಣಿಕೆಯ ಜನಕ್ಕೆ ಸಭೆಯೂ ಸಾಧ್ಯವಿರಲಿಲ್ಲ. ಸಂಸತ್ತು 1843ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದ ಮೇಲೆಯೇ ಗವರ್ನರ್, ಕೌನ್ಸಿಲ್ಲುಗಳಿಗೆ ರಾಜಪತ್ರ ಹೊರಟಿತು. ಆ ಶಾಸನ ಕೌನ್ಸಿಲ್ಲು ಕೂತದ್ದು 1845ರಲ್ಲಿ.

ಸ್ಕಂದಗಿರಿ

ನಮ್ಮ ಕಡೆಯದ್ದನ್ನು ಇವುಗಳ ಜೊತೆ ಸೇರಿಸಬೇಡಿ. ಮೈಸೂರು ವಸಾಹತಾಗಿರಲಿಲ್ಲ. ಬೇಕಾದರೆ ಆಡಳಿತ ವಹಿಸಿಕೊಳ್ಳಬಹುದೆಂಬ 1799ರ ಒಪ್ಪಂದದ ಕಲಮನ್ನು ಹಿಡಿದು, ನಗರ ಸೀಮೆಯ (ಶಿವಮೊಗ್ಗದ ಕಡೆಯ) ದಂಗೆಯ ನಂತರ 1831ರಲ್ಲಿ ಆಡಳಿತವನ್ನಷ್ಟೇ ತೆಗೆದುಕೊಂಡರು, ಮಹಾರಾಜರ ಪಟ್ಟ ಉಳಿಯಿತು. ಹಾಗಾಗಿ ಇಂಗ್ಲೆಂಡಿನ ಕಾನೂನು ತಾನಾಗಿ ಬರಲಿಲ್ಲ. ಕೋರ್ಟನ್ನು ಬಯಲಲ್ಲಿ ಕಟ್ಟುವ ಕೆಲಸವೂ ಇರಲಿಲ್ಲ. ತಾಲ್ಲೂಕಿನ ಮುಖ್ಯಸ್ಥ ಅಮಲ್ದಾರ, ಶಿರಸ್ತೇದಾರ, ಶೇಕ್ದಾರ, ಶಾನುಭೋಗ, ಪಟೇಲ, ತಳವಾರ, ತೋಟಿ ಎಲ್ಲರೂ ಇದ್ದರು. ಮೇಲಿನ ಮೆಟ್ಟಿಲನ್ನು ಬದಲಾಯಿಸಿದರು: ಆರು ಫೌಜುದಾರಿಗಳ (ಹಳೇ ಆಡಳಿತ ವಿಭಾಗಗಳ) ಬದಲು ನಾಲ್ಕು ವಿಭಾಗ, ಒಂದೊಂದಕ್ಕೂ ಯುರೋಪಿಯನ್ ಸೂಪರಿಂಟೆಂಡೆಂಟ್. ಅವರ ನಾಲ್ಕು ಕೋರ್ಟು, ಕೆಳಗೆ ಎಂಟು ಸದರ್ ಮುನ್ಸೀಫ್ ಕೋರ್ಟು, 85 ತಾಲ್ಲೂಕು ಕೋರ್ಟು. ಮೇಲೆ ಹುಜೂರ್ ಅದಾಲತ್ ಎಂಬ ಮೇಲ್ಮನವಿ ಕೋರ್ಟು, ಎಲ್ಲಕ್ಕೂ ಮೇಲೆ ಮೈಸೂರಿನ ಆಡಳಿತ ನಡೆಸುತ್ತಿದ್ದ ಬ್ರಿಟಿಷ್ ಕಮಿಷನರ್. ಚಿತ್ರದುರ್ಗ ವಿಭಾಗದ ಮುಖ್ಯ ಠಾಣೆ ತುಮಕೂರಿನಲ್ಲೇ ಇತ್ತು. ಅಲ್ಲಿನ ಸೂಪರಿಂಟೆಂಡೆಂಟ್ ಡಾಬ್ಸ್ ಹೆಸರೇ ದಾಬಸ್‌ಪೇಟೆಗೆ ನಿಂತಿರುವುದು.

ಕೆಳಹಂತದ ವ್ಯವಹಾರ ಹೆಚ್ಚಾಗಿ ಕನ್ನಡದಲ್ಲಿ. ನನ್ನ ದೃಷ್ಟಿಯಲ್ಲಿ ಕಮಿಷನ್ ಆಡಳಿತದ ಅತ್ಯಂತ ಒಳ್ಳೆಯ ನಿರ್ಧಾರ ಇದು. ಫಿರ್ಯಾದಿ ಕೊಟ್ಟವನಿಗೆ ತನ್ನ ಹೇಳಿಕೆಯನ್ನು ಓದಿಸಿ ಕೇಳಿ ರುಜು ಹಾಕುವುದಕ್ಕಾದರೂ ಆಗುತ್ತಿತ್ತು.

ಆದರೆ ದೇವರಾಯನದುರ್ಗ ಅವರು ಹೇಳಿದ ದೋಷವೇ ಇಲ್ಲೂ ಇತ್ತು, ಬೇರೆ ವೇಷದಲ್ಲಿ. ಅಮಲ್ದಾರನೇ ಕಂದಾಯ ವಸೂಲಿ ಮಾಡುವವನು, ಅವನೇ ಪೊಲೀಸು, ಅವನೇ ಸಣ್ಣ ದಾವೆಗಳ ನ್ಯಾಯಾಧೀಶ. ಕಿಸ್ತಿನ ಕಾಲ ಬಂದರೆ ದಾವೆಗಳು ಮೂಲೆ ಸೇರುತ್ತವೆ. ಕಂದಾಯದ ತಕರಾರಾದರಂತೂ ರೈತ ಯಾರ ವಿರುದ್ಧ ಯಾರಿಗೆ ದೂರಬೇಕು? 1856ರಲ್ಲಿ ಜುಡಿಷಿಯಲ್ ಕಮಿಷನರ್ ಹುದ್ದೆ ಬಂದು ಮೇಲ್ಮಟ್ಟದಲ್ಲಿ ಎರಡು ಕೆಲಸ ಬೇರೆಯಾಯಿತು. ತಾಲ್ಲೂಕಿನಲ್ಲಿ ಮುನ್ಸೀಫರು ಬಂದು ಅಮಲ್ದಾರರ ಕೈಯಿಂದ ಸಿವಿಲ್ ಕೆಲಸ ಬಿಡಿಸಿದ್ದು 1870ರ ದಶಕದಲ್ಲಿ. ಅಷ್ಟರೊಳಗೆ ಕಮಿಷನರ್ ಬೌರಿಂಗ್ ಕಾಲದಲ್ಲಿ ಮೂರು ವಿಭಾಗ, ಎಂಟು ಜಿಲ್ಲೆ ಆಗಿ, ಬೆಂಗಳೂರು, ಕೋಲಾರ, ತುಮಕೂರು ನಂದಿದುರ್ಗ ವಿಭಾಗಕ್ಕೆ ಸೇರಿದ್ದವು. ಈಗಿನ ಚಿಕ್ಕಬಳ್ಳಾಪುರವನ್ನು ಅಲ್ಲಿ ಹುಡುಕಬೇಡಿ, ಅದು ಕೋಲಾರದಿಂದ ಬೇರೆಯಾದ್ದು 2007ರಲ್ಲಿ.

ಶಿರಾಗೇಟ್

ತುಂಬಾ ಉಪಕಾರವಾಯಿತು. 1881ರಲ್ಲಿ ರಾಜ್ಯ ವಾಪಸ್ ಕೊಟ್ಟಾಗ ಈ ಕೋರ್ಟುಗಳೆಲ್ಲ ಮಹಾರಾಜರಿಗೇ ಬಂದವೇ?

ಸ್ಕಂದಗಿರಿ

ಬಂದವು, ಬೆಂಗಳೂರು ದಂಡು ಪ್ರದೇಶ ಒಂದು ಬಿಟ್ಟು. 1884ರಲ್ಲಿ ಮೈಸೂರಿಗೆ ಚೀಫ್ ಕೋರ್ಟು ಆಯಿತು, ಅದೇ 1930ರಲ್ಲಿ ಹೈಕೋರ್ಟು. ದಂಡಿನಲ್ಲಿ ಮಾತ್ರ ಹೈಕೋರ್ಟಿನ ಅಧಿಕಾರ ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಇತ್ತು. ಪೇಟೆಯಿಂದ ದಂಡಿಗೆ ನಡೆದುಹೋದರೆ ಕೋರ್ಟೂ ಬದಲು, ಮೇಲ್ಮನವಿಯ ದಾರಿಯೂ ಬದಲು. 1947ರ ಜುಲೈಯಲ್ಲಿ ಆ ಪ್ರದೇಶ ಮೈಸೂರಿಗೆ ಮರಳುವವರೆಗೂ ಹಾಗೇ ನಡೆಯಿತು.