ಸಹಾಯ ಬೇಕು: ಒಂಬತ್ತನೇ ತರಗತಿಯ ಇಂಗ್ಲಿಷ್ ಮೀಡಿಯಂ ವಿಜ್ಞಾನ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಇಂಗ್ಲಿಷ್ ಮೀಡಿಯಂ ಸೆಕ್ಷನ್‌ನಲ್ಲಿ 38 ಮಕ್ಕಳು. ಹೆಚ್ಚಿನವರು ಏಳನೇ ತರಗತಿವರೆಗೆ ಕನ್ನಡದಲ್ಲೇ ಓದಿ ಬಂದವರು. ಮಾತಾಡುವ ಇಂಗ್ಲಿಷ್ ಹೇಗೋ ನಡೆಯುತ್ತದೆ, ಪಾಠದ ಇಂಗ್ಲಿಷ್ ಮಾತ್ರ ಕಬ್ಬಿಣದ ಕಡಲೆ.

ಮೊನ್ನೆ ‘ವರ್ಕ್’ ಪಾಠ. ತಲೆ ಮೇಲೆ ಮೂಟೆ ಹೊತ್ತು ಸುಮ್ನೆ ನಿಂತರೆ ವರ್ಕ್ ಸೊನ್ನೆ ಅಂದೆ. ಒಬ್ಬಳು ಎದ್ದು, “ಮಿಸ್, ನಮ್ಮಪ್ಪ ಹಮಾಲಿ. ಅದು ಕೆಲಸ ಅಲ್ವಾ?” ಅಂದಳು. ನನಗೂ ನಗು ಬಂತು. ಬಲ ಹಾಕಿದ ದಿಕ್ಕಿನಲ್ಲಿ ವಸ್ತು ಸರಿದರೆ ಮಾತ್ರ ಅಂತ ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಆದರೆ ಉತ್ತರ ಬರೆಯಲು ಕೂತರೆ ಪೆನ್ನೇ ಓಡಲಿಲ್ಲ. ‘ಡಿಫೈನ್’ ಅಂದರೂ ‘ಎಕ್ಸ್‌ಪ್ಲೇನ್’ ಅಂದರೂ ಗೈಡಿನ ಅದೇ ಎರಡು ಸಾಲು.

ಗೋಡೆಗೆ ಪದಪಟ್ಟಿ ಹಚ್ಚಿದ್ದೇನೆ. ‘ಬಿಕಾಸ್’ವರೆಗೆ ಅರ್ಧ ವಾಕ್ಯ ಕೊಟ್ಟು ಉಳಿದದ್ದನ್ನು ಅವರಿಂದ ಬರೆಸುತ್ತೇನೆ. ಇದರಿಂದ ಸ್ವಲ್ಪ ಗುಣ ಕಂಡಿದೆ, ಪದಪಟ್ಟಿಯಿಂದ ಅಷ್ಟೇನಿಲ್ಲ.

ಮೊದಲು ಕನ್ನಡದಲ್ಲಿ ಬರೆಸಿ, ಆಮೇಲೆ ಇಂಗ್ಲಿಷ್‌ಗೆ ತರುವ ಕ್ರಮ ಯಾರಾದರೂ ಮಾಡಿದ್ದೀರಾ? 40 ನಿಮಿಷದ ಪೀರಿಯಡ್‌ನಲ್ಲಿ ಹೇಗೆ ಹೊಂದಿಸುತ್ತೀರಿ? ನಿಮ್ಮ ಮಕ್ಕಳು ಬರೆದ ಒಂದೆರಡು ಹಾಳೆ ಇದ್ದರೆ, ಹೆಸರು ಮುಚ್ಚಿ, ಫೋಟೋ ಹಾಕಿ. ಗ್ರಾಮರ್ ಆ್ಯಪ್ ಮಾತ್ರ ಬೇಡ, ದಯವಿಟ್ಟು.