ಗ್ಯಾಸ್ ಕ್ಯಾನ್ ಬೇಡ, ಮೊದಲು ಫ್ಯಾನ್ ನೋಡಿ

ನಮ್ಮ ಕಾರು ದೊಡ್ಡಪ್ಪ ಮತ್ತು ಅಪ್ಪ ಸೇರಿ ತೆಗೆದುಕೊಂಡದ್ದು. ಇರುವುದು ದಾವಣಗೆರೆ ಮನೆಯಲ್ಲಿ. ಓಡಿಸುವವರು ಎಲ್ಲರೂ, ರಿಪೇರಿ ಬಂದಾಗ ಮಾತ್ರ ಅದು ಯಾರದೂ ಅಲ್ಲ. ಮೇ ತಿಂಗಳಲ್ಲಿ ಅದರ ಎಸಿ ಕೈಕೊಟ್ಟಿತು. ಚಿಕ್ಕಪ್ಪನ ಮಗ 'ಮನೆ ಮಂದಿ' ಗುಂಪಿಗೆ ಒಂದು ವಿಡಿಯೊ ಹಾಕಿದ: ಕ್ಯಾನ್‌ಗೆ ಪೈಪ್ ಸಿಕ್ಕಿಸಿ ಗ್ಯಾಸ್ ಬಿಟ್ಟರೆ ಹತ್ತೇ ನಿಮಿಷದಲ್ಲಿ ಎಸಿ ತಣ್ಣಗೆ. ಆಮೇಲೆ ನಡೆದದ್ದು ಇದು. ಮಧ್ಯೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ.

ತಮ್ಮ: ನೋಡಿ, ಇಷ್ಟೇ ಕೆಲಸ. ಕ್ಯಾನ್ ಆನ್‌ಲೈನ್‌ನಲ್ಲೇ ಸಿಗುತ್ತದೆ. ಭಾನುವಾರ ಬಂದು ನಾನೇ ಹಾಕಿಕೊಡುತ್ತೇನೆ.

ದೊಡ್ಡಪ್ಪ: ಹಾಕು ಹಾಕು. ಎರಡು ವರ್ಷಕ್ಕೊಮ್ಮೆ ಗ್ಯಾಸ್ ಖಾಲಿ ಆಗಿಯೇ ಆಗುತ್ತದೆ.

ನಾನು: ದೊಡ್ಡಪ್ಪ, ಅದು ಪೆಟ್ರೋಲ್ ಥರ ಉರಿದು ಖಾಲಿ ಆಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಮ್ಮಿ ಆಗಿದ್ದರೆ ಎಲ್ಲೋ ಸೋರಿದೆ ಅಂತ.

ಚಿಕ್ಕಪ್ಪ: ಹಾಗೇನಿಲ್ಲ. ರಬ್ಬರ್ ಪೈಪು, ಕಂಪ್ರೆಸರ್ ಸೀಲು ಇವುಗಳಿಂದ ವರ್ಷಗಟ್ಟಲೆ ಚೂರು ಚೂರೇ ಹೋಗುತ್ತದೆ. ಗಾಡಿ ಹಳೆಯದು.

ನಾನು: ಹೋಗುತ್ತದೆ, ಒಪ್ಪಿದೆ. ಆದರೆ ನಮ್ಮದರಲ್ಲಿ ಹೋಗಿರುವುದು ಗ್ಯಾಸೇ ಅಂತ ನೋಡಿದವರು ಯಾರು?

ತಮ್ಮ: ಅಣ್ಣ, ಬಿಸಿ ಗಾಳಿ ಬರುತ್ತಿದೆ. ಇನ್ನೇನು ಇರುತ್ತದೆ?

ಅತ್ತೆ: ಮೊನ್ನೆ ಚಿತ್ರದುರ್ಗಕ್ಕೆ ಹೋಗುವಾಗ ಹೈವೇಯಲ್ಲಿ ತಣ್ಣಗೇ ಇತ್ತಪ್ಪ. ಟೋಲ್ ಹತ್ತಿರ ನಿಂತಾಗ ಬಿಸಿ ಬಂತು. ಬರುವಾಗ ರೈಲ್ವೆ ಗೇಟ್‌ನಲ್ಲೂ ಹಾಗೇ ಆಯ್ತು.

ಅತ್ತೆ ಬರೆದದ್ದನ್ನು ಯಾರೂ ಓದಲಿಲ್ಲ. ಅಷ್ಟರಲ್ಲಿ ಮಾತು ದುಡ್ಡಿಗೆ ತಿರುಗಿತ್ತು. ಹೋದ ಸಲ ಟೈರ್ ಹಾಕಿಸಿದ್ದು ಯಾರು, ಇನ್ಶೂರೆನ್ಸ್ ಕಟ್ಟಿದ್ದು ಯಾರು ಎಂದು ಉದ್ದುದ್ದ ವಾಯ್ಸ್ ಮೆಸೇಜ್‌ಗಳು. ಅಮೆರಿಕದ ಫೀನಿಕ್ಸ್‌ನಲ್ಲಿರುವ ಅಕ್ಕ ಅಲ್ಲಿನ ರಾತ್ರಿಯಲ್ಲಿ ಎದ್ದು ಕೂತು ಬರೆದಳು.

ಅಕ್ಕ: ಆ ವಿಡಿಯೊ ಇಲ್ಲಿನದು ಕಣೋ. ಇಲ್ಲಿ ಜನ ಅಂಗಡಿಯಿಂದ ಕ್ಯಾನ್ ತಂದು ತಾವೇ ಹಾಕಿಕೊಳ್ಳುತ್ತಾರೆ. 2018ರಿಂದ ತಯಾರಾಗುವ ಚಿಕ್ಕ ಕ್ಯಾನ್‌ಗಳಿಗೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇರಲೇಬೇಕು ಅಂತ ಇಲ್ಲಿ ನಿಯಮವೂ ಇದೆ. ಒಂದು ಕ್ಯಾನ್‌ನಲ್ಲಿ ಹೆಚ್ಚಾಗಿ 340 ಗ್ರಾಂ ಇರುತ್ತದೆ. ನಮ್ಮ ಕಾರಿಗೆ ಎಷ್ಟು ಹಿಡಿಯುತ್ತದೆ? ಬಾನೆಟ್ ಕೆಳಗೆ ಸ್ಟಿಕ್ಕರ್ ಇರುತ್ತದೆ, ನೋಡಿ.

ಅಪ್ಪ: ಗ್ಯಾಸ್ ಹೆಸರು ಆರ್-134ಎ, 400 ಗ್ರಾಂ ಅಂತ ಇದೆ.

ಅಕ್ಕ: ಒಂದು ಕ್ಯಾನ್ ಅಂದರೆ ಹೆಚ್ಚುಕಮ್ಮಿ ಇಡೀ ಕಾರಿಗೆ ಆಗುವಷ್ಟು ಗ್ಯಾಸ್. ಒಳಗೆ ಈಗ ಎಷ್ಟಿದೆ ಅಂತ ಗೊತ್ತಿಲ್ಲದೆ ಅದರ ಮೇಲೆ ಸುರಿಯುತ್ತೀರಾ?

ತಮ್ಮ: ಕ್ಯಾನ್ ಜೊತೆ ಮೀಟರ್ ಬರುತ್ತದೆ. ಮುಳ್ಳು ಹಸಿರು ಬಣ್ಣಕ್ಕೆ ಬಂದರೆ ಸಾಕು.

ನಾನು: ಆ ಮೀಟರ್ ತೋರಿಸುವುದು ಕಡಿಮೆ ಒತ್ತಡದ ಪೈಪಿನದು ಮಾತ್ರ. ಹೆಚ್ಚು ಒತ್ತಡದ ಪೈಪಿನಲ್ಲಿ ಎಷ್ಟಿದೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಸರಿಯಾಗಿ ಮಾಡುವವರು ಇರುವ ಗ್ಯಾಸ್ ಹೊರತೆಗೆದು, ವ್ಯಾಕ್ಯೂಮ್ ಎಳೆದು, ಸೋರುತ್ತಿಲ್ಲ ಅಂತ ನೋಡಿಕೊಂಡು, ತೂಕ ಮಾಡಿ ತುಂಬುತ್ತಾರೆ. ಅದಿರಲಿ, ಅತ್ತೆ ಬರೆದದ್ದನ್ನು ಮೇಲೆ ಹೋಗಿ ಓದಿ. ಓಡುವಾಗ ತಣ್ಣಗೆ, ನಿಂತಾಗ ಬಿಸಿ. ಉತ್ತರ ಅಲ್ಲೇ ಇದೆ.

ಚಿಕ್ಕಪ್ಪ: ಬಿಡಿಸಿ ಹೇಳು.

ನಾನು: ಒಳಗಿನ ಸೆಕೆಯನ್ನು ಹೊತ್ತ ಗ್ಯಾಸನ್ನು ಕಂಪ್ರೆಸರ್ ಒತ್ತಿ ಕಂಡೆನ್ಸರ್‌ಗೆ ಕಳಿಸುತ್ತದೆ. ರೇಡಿಯೇಟರ್ ಮುಂದಿರುವ ಜಾಲರಿ ಅದೇ. ಅಲ್ಲಿ ಗಾಳಿ ತಾಗಿ ಗ್ಯಾಸ್ ಆರಿ ದ್ರವ ಆಗಬೇಕು. ಗಾಡಿ ಓಡುವಾಗ ಎದುರುಗಾಳಿ ಆ ಕೆಲಸ ಮಾಡುತ್ತದೆ, ನಿಂತಾಗ ಫ್ಯಾನ್ ಮಾಡಬೇಕು. ಫ್ಯಾನ್ ತಿರುಗದಿದ್ದರೆ ಒತ್ತಡ ಏರುತ್ತಾ ಹೋಗಿ ಒಂದು ಹಂತದಲ್ಲಿ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸುತ್ತದೆ. ಈಗ ಇನ್ನೂ ಗ್ಯಾಸ್ ಹಾಕಿದರೆ ಒತ್ತಡ ಮತ್ತಷ್ಟು ಜಾಸ್ತಿ ಆಗುತ್ತದೆ, ಅಲ್ವಾ?

ತಮ್ಮ: ಕೆಲವು ಕ್ಯಾನ್‌ಗಳಲ್ಲಿ ಸೋರುವುದನ್ನು ಮುಚ್ಚುವ ಔಷಧಿಯೂ ಇರುತ್ತದೆ.

ಚಿಕ್ಕಪ್ಪ: ಅದಂತೂ ಬೇಡವೇ ಬೇಡ. ವಾಲ್ವ್‌ನಲ್ಲಿ ಕಟ್ಟಿಕೊಂಡರೆ ಇನ್ನೊಂದು ತಾಪತ್ರಯ. ಎಷ್ಟೋ ಗ್ಯಾರೇಜಿನವರು ತಮ್ಮ ಮೆಷಿನ್ ಕೆಡುತ್ತದೆ ಅಂತ ಅಂಥ ಗಾಡಿ ಮುಟ್ಟುವುದೇ ಇಲ್ಲ.

ದೊಡ್ಡಪ್ಪ: ಸುಮ್ನೆ ವಾದ ಬೇಡ. ನಾನು ಗಾಡಿ ಹತ್ತಿರ ಇದ್ದೇನೆ. ಏನು ಮಾಡಲಿ ಹೇಳು.

ನಾನು: ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಾನೆಟ್ ಎತ್ತಿ ನೋಡಿ. ಕೈ, ಟವೆಲ್ ದೂರ ಇರಲಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಎಂಜಿನ್ ಬಿಸಿಯ ಮುಳ್ಳು ಏರಿದರೆ ತಕ್ಷಣ ಆಫ್ ಮಾಡಿ.

ದೊಡ್ಡಪ್ಪ: ಟಕ್ ಅಂತ ಶಬ್ದ ಬಂತು. ಕಂಪ್ರೆಸರ್ ತಿರುಗುತ್ತಿದೆ. ಫ್ಯಾನ್ ಅಲ್ಲಾಡುತ್ತಿಲ್ಲ. ಈಗ ಮತ್ತೆ ಟಕ್ ಅಂತು, ಕಂಪ್ರೆಸರೂ ನಿಂತಿತು.

ನಾನು: ಮುಂದಿನ ಗ್ರಿಲ್ ಮೂಲಕ ಆ ಜಾಲರಿಗೆ ಒಂದು ಮಗ್ ನೀರು ಹಾಕಿ. ಎಂಜಿನ್ ಮೇಲೆ ಬೇಡ.

ದೊಡ್ಡಪ್ಪ: ಚುಯ್ ಅಂತು. ಒಳಗೆ ಕೂತ ನಿಮ್ಮ ದೊಡ್ಡಮ್ಮ ಈಗ ತಣ್ಣಗೆ ಬರುತ್ತಿದೆ ಅನ್ನುತ್ತಿದ್ದಾಳೆ.

ಅತ್ತೆ: ನಾನು ಬೆಳಿಗ್ಗೆಯೇ ಹೇಳಿದ್ದೆ.

ಚಿಕ್ಕಪ್ಪ: ಅಣ್ಣ, ಫ್ಯೂಸ್ ಡಬ್ಬಿ ಮುಚ್ಚಳದಲ್ಲಿ ಚಿತ್ರ ಇರುತ್ತದೆ. ಮೊದಲು ಫ್ಯಾನಿನ ಫ್ಯೂಸ್ ನೋಡು. ಆಮೇಲೆ ರಿಲೇ, ಅಂದರೆ ಕರೆಂಟ್ ಹಾಯಿಸುವ ಚಿಕ್ಕ ಸ್ವಿಚ್. ಹಾರನ್ ರಿಲೇ, ಫ್ಯಾನ್ ರಿಲೇ ಎರಡರ ನಂಬರೂ ಒಂದೇ ಇದ್ದರೆ ಹಾರನ್ ರಿಲೇಯನ್ನು ಫ್ಯಾನ್ ರಿಲೇ ಜಾಗಕ್ಕೆ ಹಾಕಿ ನೋಡು. ಗಾಡಿ ಆಫ್ ಮಾಡಿ ಮಾಡು.

ಅರ್ಧ ಗಂಟೆ ಗುಂಪು ತಣ್ಣಗಿತ್ತು. ಆಮೇಲೆ ದೊಡ್ಡಪ್ಪ ಒಂದು ಫೋಟೊ ಹಾಕಿದರು. ಫ್ಯಾನ್ ಸಾಕೆಟ್‌ನ ಹತ್ತಿರ ಎರಡು ವೈರ್. ಒಂದರ ಸಿಪ್ಪೆ ಪೂರ್ತಿ ಹೋಗಿ ತಾಮ್ರದ ಎಳೆ ಕೆದರಿಕೊಂಡಿದೆ, ಇನ್ನೊಂದು ತುಂಡಾಗಿದೆ. ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ.

ದೊಡ್ಡಪ್ಪ: ಇಲಿ.

ಅಪ್ಪ: ಮೆಕ್ಕೆಜೋಳದ ಚೀಲದ ಪಕ್ಕ ಗಾಡಿ ನಿಲ್ಲಿಸಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ.

ದೊಡ್ಡಪ್ಪ: ಚೀಲ ಯಾರದು?

ಅತ್ತೆ: ಈಗ ಇಲಿ ಯಾರ ಪಾಲಿಗೆ ಬರುತ್ತದೆ ಅಂತ ಪಂಚಾಯ್ತಿ ಮಾಡಬೇಡಿ.

ತಮ್ಮ: ನಾನು ಕ್ಯಾನ್ ಆರ್ಡರ್ ಮಾಡಿಬಿಟ್ಟಿದ್ದೇನೆ. ನಾಳೆ ಬರುತ್ತದೆ.

ದೊಡ್ಡಪ್ಪ: ವಾಪಸ್ ಕಳಿಸು. ಎಲೆಕ್ಟ್ರಿಷಿಯನ್‌ಗೆ ಹತ್ತು ಗಂಟೆಗೆ ಬರಲು ಹೇಳಿದ್ದೇನೆ. ಬಿಲ್ ಮೂರು ಪಾಲು.

ತಮ್ಮ: ಗಾಡಿ ನಿಮ್ಮಿಬ್ಬರದು ಅಲ್ವಾ ದೊಡ್ಡಪ್ಪ, ಮೂರನೆಯದು ಯಾರು?

ದೊಡ್ಡಪ್ಪ: ವಿಡಿಯೊ ಹಾಕಿದವನು.