ಮಾವನ ಬೀಡಿ ಹೊಗೆ ಮಗುವಿಗೆ ತಾಗುತ್ತದಾ?

ಬದಿಯಡ್ಕದವಳು:
ನಮ್ಮದು ಅಡಿಕೆ ತೋಟದ ನಡುವಿನ ಮನೆ. ಮಾವ ಚಾವಡಿಯಲ್ಲಿ ಕೂತು ಬೀಡಿ ಸೇದುತ್ತಾರೆ. ಬೇಸಿಗೆಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಈಗ ಆಟಿ ಮಳೆ, ಕಿಟಕಿ ಬಾಗಿಲು ಹಾಕಿಯೇ ಇರುತ್ತದೆ. ಮಗನಿಗೆ ಎರಡು ವರ್ಷ. ಮಳೆ ಹಿಡಿದಾಗಿನಿಂದ ರಾತ್ರಿ ಅವನ ಎದೆ ಸುಂಯ್ ಸುಂಯ್ ಅನ್ನುತ್ತದೆ. ಹೊದಿಕೆ ಮೂಸಿದರೂ ಬೀಡಿ ವಾಸನೆ. ಮಾವನಿಗೆ ಮೊಮ್ಮಗ ಅಂದರೆ ಪ್ರಾಣ. ಆದರೆ "ಸೇದುವುದು ನಾನು, ಅವನಿಗೆ ಏನಾಗ್ತದೆ?" ಅನ್ನುತ್ತಾರೆ. ನಿಜವಾಗಿ ಏನೂ ಆಗುವುದಿಲ್ವಾ?

ಕುಂಬಳೆ ನರ್ಸ್:
ಆಗ್ತದೆ ತಂಗಿ. ಮಕ್ಕಳ ಉಸಿರಿನ ಕೊಳವೆ ಸಣ್ಣದು, ಉಸಿರಾಟವೂ ನಮಗಿಂತ ಬೇಗ ಬೇಗ. ಹೊಗೆ ತಾಗಿ ಒಳಗೆ ಸ್ವಲ್ಪ ಊದಿಕೊಂಡರೂ ಸಾಕು, ಆ ಸದ್ದು ಬರುತ್ತದೆ. ಮನೆಯೊಳಗೆ ಸೇದುವವರಿದ್ದರೆ ಮಕ್ಕಳಿಗೆ ಉಬ್ಬಸ, ನ್ಯುಮೋನಿಯಾ, ಕಿವಿನೋವು ಎಲ್ಲಾ ಜಾಸ್ತಿ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಸುಮಾರು 70 ಕ್ಯಾನ್ಸರ್ ತರುವಂಥವು. ಮಾವ ಎಳೆದದ್ದು ಮಾತ್ರ ಅವರ ಎದೆಗೆ ಹೋಗುತ್ತದೆ. ಬೆರಳ ಸಂದಿನಲ್ಲಿ ಉರಿಯುವ ತುದಿಯಿಂದ ಏಳುವ ಹೊಗೆ ನೇರ ಕೋಣೆಗೆ. ಫ್ಯಾನ್ ಹಾಕಿದರೆ ಅದು ಹೋಗುವುದಿಲ್ಲ, ಮನೆಯೊಳಗೇ ಸುತ್ತುತ್ತದೆ. ಇಷ್ಟು ಹೊಗೆಯಾದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ.
ಮೊದಲು ಮಕ್ಕಳ ಡಾಕ್ಟರಿಗೆ ತೋರಿಸು. ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡ, ರಾತ್ರಿಯೇ ಆಸ್ಪತ್ರೆಗೆ ಹೋಗು.

ಪೆರ್ಲದ ಮಾಷ್ಟ್ರು:
ನಿಮ್ಮ ಅತ್ತೆಯ ಬಗ್ಗೆಯೂ ಯೋಚಿಸಿ ತಂಗಿ. ಸೇದುವವರ ಜೊತೆ ಬಾಳುವವರಿಗೆ, ತಾವು ಒಂದು ಬೀಡಿ ಮುಟ್ಟದಿದ್ದರೂ, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಶೇ. 20ರಿಂದ 30ರಷ್ಟು ಹೆಚ್ಚು. ಹೃದಯದ ಕಾಯಿಲೆಯೂ ಹಾಗೆಯೇ. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅಂತ ನಮ್ಮ ಕೇರಳ ಹೈಕೋರ್ಟ್ 1999ರಲ್ಲೇ ಹೇಳಿತು. 2008ರ ಅಕ್ಟೋಬರ್ 2ರಿಂದ ಇಡೀ ದೇಶದಲ್ಲಿ ಆ ನಿಯಮ ಬಿಗಿಯಾಯಿತು. ಬಸ್ ಸ್ಟ್ಯಾಂಡಿನಲ್ಲಿ ಸೇದಿದರೆ ದಂಡ ಉಂಟು. ನಮ್ಮ ಚಾವಡಿಗೆ ಮಾತ್ರ ಯಾವ ಪೊಲೀಸರೂ ಬರುವುದಿಲ್ಲ, ನನಗೆ ಬೇಜಾರಾಗುವುದು ಅದೇ. ಬಿಡುವ ಮನಸ್ಸಿದ್ದರೆ 1800-11-2356ಕ್ಕೆ ಫೋನ್ ಮಾಡಲಿ. ದುಡ್ಡು ಬೇಡ.

ಬದಿಯಡ್ಕದವಳು:
ಅಕ್ಕ, ಪಕ್ಕೆ ಎಳೆಯುವುದಿಲ್ಲ, ಈಗಷ್ಟೇ ಅಂಗಿ ಎತ್ತಿ ನೋಡಿದೆ. ನಾಳೆ ಡಾಕ್ಟರ ಹತ್ತಿರ ಹೋಗುತ್ತೇವೆ. ಮಾವನನ್ನೂ ಕರೆದುಕೊಂಡು ಹೋಗುತ್ತೇನೆ. ನಾನು ಹೇಳಿದರೆ ಸೊಸೆಯ ಮಾತು ಅಂತ ಆಗುತ್ತದೆ. ಡಾಕ್ಟರೇ ಹೇಳಲಿ.